ದುಡ್ಡಿನಿಂದ ಕ್ವಿಂಟಲಿಗೆ ವಾಪಸ್ ಬರುವ ಸೂತ್ರ ಎಡವಟ್ಟಾಗ್ತಿದೆ

ಶಿರಸಿ_ತೋಟಿಗ:
ಚಾಲಿ ಅಡಿಕೆ ಮಾರಿದ ಲೆಕ್ಕಕ್ಕೆ ಎಕ್ಸೆಲ್‌ನಲ್ಲಿ ಸೂತ್ರ ಹಾಕಿಟ್ಟಿದ್ದೇನೆ. ಕ್ವಿಂಟಲಿಗೆ 40,000 ಅಂತ ಹಿಡಿದು, ಗಾಡಿ ಬಾಡಿಗೆ 2,000 ಕಳೆದಿದ್ದು:
ವೈ = 40000 × ಎಕ್ಸ್ − 2000
3 ಕ್ವಿಂಟಲಿಗೆ 1,18,000 ಸರಿಯಾಗೇ ಬರ್ತದೆ. ಈಗ ಉಲ್ಟಾ ಬೇಕು, ಕೈಗೆ ಬಂದ ದುಡ್ಡು ಹಾಕಿದ್ರೆ ಎಷ್ಟು ಕ್ವಿಂಟಲ್ ಅಂತ. ಬಿ2ರಲ್ಲಿ ದುಡ್ಡಿಟ್ಟು =ಬಿ2+2000/40000 ಅಂತ ಬರೆದೆ. 118000.05 ಕ್ವಿಂಟಲ್ ಅಂತಿದೆ! ಅಷ್ಟು ಬೆಳೆದಿದ್ರೆ ನಾನಿಲ್ಲಿ ಕೇಳ್ತಾ ಕೂರ್ತಿರ್ಲಿಲ್ಲ. ಪಿಯು ಓದೋ ಮಗಳು ‘ಇನ್ವರ್ಸ್ ಅಂದ್ರೆ ಒಂದರ ಕೆಳಗೆ ಹಾಕೋದು’ ಅಂತಾಳೆ. ಅದೂ ಸರಿ ಬರಲಿಲ್ಲ.

ಕೋಡಿಬಾಗದವ:
ಆ .05 ನೋಡಿದ್ರೇ ಗೊತ್ತಾಗ್ತದೆ ಮಾರಾಯ್ರೆ, 2000 ಭಾಗಿಸು 40000 ಅದು. ಎಕ್ಸೆಲ್ ಭಾಗಾಕಾರ ಮೊದಲು ಮಾಡ್ತದೆ. ಆವರಣ ಹಾಕಿ: =(ಬಿ2+2000)/40000

ಶಿರಸಿ_ತೋಟಿಗ:
3 ಬಂತು! ಆದ್ರೆ ಮೊದಲು ಭಾಗಿಸಿ ಆಮೇಲೆ 2000 ಕೂಡಿಸಿದ್ರೆ ಯಾಕಾಗಲ್ಲ? ಹಾಗೆ ಮಾಡಿದ್ರೆ 2002.95 ಬರ್ತದೆ.

ಕೋಡಿಬಾಗದವ:
ಶಿರಸಿಯಿಂದ ಕುಮಟೆಗೆ ಇಳಿವಾಗ ಮೊದಲು ದೇವಿಮನೆ ಘಟ್ಟ, ಆಮೇಲೆ ಕತಗಾಲ. ವಾಪಸ್ ಹತ್ತುವಾಗ ಕತಗಾಲವೇ ಮೊದಲು ಸಿಗೋದು. ನೀವು ಗುಣಿಸಿ, ಕೊನೆಗೆ ಬಾಡಿಗೆ ಕಳೆದಿರಿ. ಬರುವಾಗ ಆ ಬಾಡಿಗೆಯನ್ನೇ ಮೊದಲು ಕೂಡಿಸಬೇಕು, ಭಾಗಾಕಾರ ಆಮೇಲೆ. ಮೊದಲೇ ಭಾಗಿಸಿಬಿಟ್ರೆ ಕೈಲಿರೋದು ಕ್ವಿಂಟಲ್. ಅದಕ್ಕೆ ರೂಪಾಯಿ ಕೂಡಿಸಿದ ಹಾಗಾಯ್ತು.

ಮಗಳಿಗೆ ಹೇಳಿ: ಸೂತ್ರಕ್ಕೆ ಎಫ್ ಅಂತ ಹೆಸರಿಟ್ಟು, ಅದರ ಇನ್ವರ್ಸ್ ಬರೆಯುವಾಗ ಎಫ್ ತಲೆ ಮೇಲೆ ಹಾಕೋ −1 ಘಾತ ಅಲ್ಲ, ಬರೀ ಗುರುತು. ಅವಳ ಲೆಕ್ಕದಲ್ಲಿ 1 ಭಾಗಿಸು 118000, ಅಂದ್ರೆ ಒಂದು ಅಡಿಕೆ ತೂಕವೂ ಇಲ್ಲ. ಇದು ಗುರುತು ಇಟ್ಟವರ ತಪ್ಪೇ ಅಂತ ನನ್ನ ತಕರಾರು.

ಪರೀಕ್ಷೆಗೆ ಬರೆಯುವಾಗ ಎಕ್ಸ್, ವೈ ಅದಲುಬದಲು ಮಾಡಿ ವೈ ಬಿಡಿಸಿಕೊಳ್ಳಲಿ: ವೈ = (ಎಕ್ಸ್ + 2000) / 40000. ಗ್ರಾಫ್ ಹಾಕಿದ್ರೆ ಎರಡೂ ಗೆರೆ ವೈ = ಎಕ್ಸ್ ಗೆರೆಯ ಆಚೀಚೆ ಕನ್ನಡಿಯಲ್ಲಿ ಕಂಡ ಹಾಗಿರ್ತವೆ.

ಘಟ್ಟದ_ಕೆಳಗೆ:
ನಡುವೆ ಬಾಯಿ ಹಾಕ್ತೇನೆ. ಎಕ್ಸ್‌ನ ಗುಣಕ ಸೊನ್ನೆ ಆದ್ರೆ ಇನ್ವರ್ಸ್ ಇಲ್ಲ. ಎಷ್ಟೇ ಚೀಲ ಹೇರಿದ್ರೂ ಬಾಡಿಗೆ 2,000 ಅಂದ್ರೆ, ಬಾಡಿಗೆ ನೋಡಿ ಚೀಲ ಎಷ್ಟು ಅಂತ ಹೇಳೋದು ಹ್ಯಾಗೆ?

ಶಿರಸಿ_ತೋಟಿಗ:
ಅರ್ಥ ಆಯ್ತು. ಮಗಳು 5 ಕ್ವಿಂಟಲ್ ಹಾಕಿ 1,98,000 ತೆಗೆದು, ಅದನ್ನ ವಾಪಸ್ ಹಾಕಿ ನೋಡಿದ್ಲು. 5 ಬಂತು. ಈಗ ದರದ ಕಾಲಂ ಬೇರೆ ಮಾಡಿಕೊಡು ಅಂತ ಅವಳಿಗೇ ವಹಿಸಿದ್ದೇನೆ.