ಜಂಟಿ ಜಮೀನಿನ ಹಿಸ್ಸೆ: ತೋಟದ ದಾರಿ, ನೀರು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕು):
ನಮ್ಮ ತಂದೆಯವರು ಸ್ವಂತ ದುಡಿಮೆಯಿಂದ ಕೊಂಡ 2 ಎಕರೆ 30 ಗುಂಟೆ ಜಮೀನು ಒಂದೇ ಸರ್ವೆ ನಂಬರಿನಲ್ಲಿದೆ. 1 ಎಕರೆ 10 ಗುಂಟೆ ಅಡಿಕೆ ತೋಟ, ಉಳಿದದ್ದು ರಸ್ತೆ ಪಕ್ಕದ ಗದ್ದೆ. ತಾಯಿ ಮೊದಲೇ ತೀರಿಕೊಂಡಿದ್ದರು. ತಂದೆಯವರು ಉಯಿಲು ಬರೆದಿರಲಿಲ್ಲವಾದ್ದರಿಂದ ಪೌತಿ ಖಾತೆಯಾಗಿ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬದಲಾಗಿ) ಅಕ್ಕ, ನಾನು, ತಮ್ಮ ಮೂವರ ಹೆಸರೂ ಪಹಣಿಯಲ್ಲಿ ಜಂಟಿಯಾಗಿ ಬಂದಿದೆ. ತಮ್ಮನು ಗದ್ದೆಯ ಕಡೆ ಪಾಲು ಪಡೆದು, ಸೈಟು ಮಾಡುವವರಿಗೆ ಮಾರಲು ಮಾತನಾಡುತ್ತಿದ್ದಾನೆ. ತೋಟಕ್ಕೆ ದಾರಿಯಿರುವುದು ಆ ಗದ್ದೆಯ ಅಂಚಿನಲ್ಲಿ. ಬಸಿಗಾಲುವೆಯ ನೀರು ಹೊರಹೋಗುವುದೂ ಅಲ್ಲಿಂದಲೇ. ನಾವು ಏನು ಮಾಡಬಹುದು?

ಉತ್ತರ 1 (ಭೂಮಾಪನ ಕೆಲಸದಲ್ಲಿರುವವರು):
ಸರ್ವೆ ನಂಬರಿನ ಒಂದು ಭಾಗವನ್ನು ವಿಭಾಗ ಮಾಡಲು ಅಥವಾ ಮಾರಲು ಮೊದಲು 11ಇ ನಕ್ಷೆ (ಬೇರೆಯಾಗುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಆಗಬೇಕು; ಅದರ ಆಧಾರದ ಮೇಲೆ ಪತ್ರ ನೋಂದಣಿಯಾಗಿ, ನಂತರ ಮ್ಯುಟೇಶನ್ (ಖಾತೆ ಬದಲಾವಣೆ) ಆಗಿ ಪ್ರತ್ಯೇಕ ಹಿಸ್ಸಾ ಪಹಣಿ ಬರುತ್ತದೆ. ಅಳತೆಗೆ ಬಂದವರಿಗೆ ಹೊರಗಿನ ಗಡಿಯನ್ನಷ್ಟೇ ತೋರಿಸದೆ, ದಾರಿಯನ್ನೂ ಬಸಿಗಾಲುವೆಯನ್ನೂ ನಡೆದು ತೋರಿಸಿರಿ. ದಾರಿಯ ಅಗಲ ಎಷ್ಟು, ಕಾಲುವೆ ಎಲ್ಲಿಂದ ಎಲ್ಲಿಗೆ, ಹೂಳೆತ್ತುವವರು ಯಾರು ಎಂಬುದನ್ನು ವಿಭಾಗ ಪತ್ರದಲ್ಲೇ ಬರೆಸಿರಿ.

ಸೈಟಿನ ವಿಷಯ ಬೇರೆಯೇ. ಭೂಸುಧಾರಣಾ ಕಾಯಿದೆಯ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ ನಿಜ. ಆದರೆ ಕೊಂಡ ಮಾತ್ರಕ್ಕೆ ಗದ್ದೆ ನಿವೇಶನವಾಗುವುದಿಲ್ಲ. 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಕೃಷಿಯೇತರ ಬಳಕೆಗೆ ಭೂಪರಿವರ್ತನೆಯಾಗಬೇಕು, ಬಡಾವಣೆಯ ನಕ್ಷೆಗೂ ಅನುಮೋದನೆ ಬೇಕು.

ಉತ್ತರ 2 (ಸಾಗರ ತಾಲ್ಲೂಕು):
ದಾರಿಯ ವಿಷಯ ದಯವಿಟ್ಟು ಬಾಯಿಮಾತಿಗೆ ಬಿಡಬೇಡಿ. ನಮ್ಮ ಮನೆಯಲ್ಲಿ ಪಾಲಾದಾಗ ಅಣ್ಣತಮ್ಮಂದಿರ ನಡುವೆ ಬರವಣಿಗೆ ಏಕೆ ಎಂದು ಸುಮ್ಮನಾದೆವು. ಕೆಳಗಿನ ಪಾಲನ್ನು ಕೊಂಡವರು ಮಣ್ಣು ತುಂಬಿಸಿ ಎತ್ತರಿಸಿದರು. ಮರುವರ್ಷದ ಆಷಾಢದಲ್ಲಿ ನಮ್ಮ ತೋಟದ ಕಾಲುವೆಗಳಲ್ಲಿ ನೀರು ಹಾಗೆಯೇ ನಿಂತು, ಫಸಲು ಕೊಡುತ್ತಿದ್ದ ಮರಗಳ ಸೋಗೆ ಹಳದಿಗೆ ತಿರುಗಿತು. ಕೊಯ್ದ ಅಡಿಕೆ ಕೊನೆಗಳನ್ನು ಇಂದಿಗೂ ಪಕ್ಕದವರ ತೋಟದೊಳಗಿಂದ ತಲೆಹೊರೆಯಲ್ಲಿ ತರುತ್ತಿದ್ದೇವೆ.

ಉತ್ತರ 3:
ವಿಭಾಗಕ್ಕೆ ಮುಂಚೆಯೇ ಗಮನಿಸಬೇಕಾದ ಒಂದು ಅಂಶವಿದೆ. ತಂದೆಯ ಸ್ವಯಾರ್ಜಿತ ಆಸ್ತಿ ಉಯಿಲಿಲ್ಲದೆ ಮಕ್ಕಳಿಗೆ ಬಂದಾಗ, ಒಬ್ಬರು ತಮ್ಮ ಪಾಲಿನ ಹಕ್ಕನ್ನು ಮಾರಲು ಹೊರಟರೆ ಉಳಿದ ವಾರಸುದಾರರಿಗೆ ಕೊಳ್ಳುವ ಆದ್ಯತೆಯ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೇ ಕಲಮು ನೀಡುತ್ತದೆ. ಇದು ಕೃಷಿ ಜಮೀನಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಆದುದರಿಂದ ತಮ್ಮನ ಪಾಲನ್ನು ನೀವೂ ಅಕ್ಕನೂ ಸೇರಿ ಕೊಳ್ಳಲು ಸಾಧ್ಯವೇ ಎಂದು ಮೊದಲು ಯೋಚಿಸಿ, ವಕೀಲರ ಮೂಲಕ ಲಿಖಿತವಾಗಿ ತಿಳಿಸಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಅಕ್ಕ ಭಾನುವಾರ ಬರುತ್ತಾರೆ. ತಮ್ಮನನ್ನೂ ಕರೆದುಕೊಂಡು ಮೂವರೂ ಮೊದಲು ಆ ಕಾಲುವೆಯ ಉದ್ದಕ್ಕೂ ನಡೆದು ನೋಡುತ್ತೇವೆ. ಬೆಲೆಯ ಮಾತು ಆಮೇಲೆ.