ಮಳೆಗಾಲ ಪೂರ್ತಿ ನಿಂತಿದ್ದ ಎಲೆಕ್ಟ್ರಿಕ್ ಕಾರು ಆನ್ ಆಗುತ್ತಿಲ್ಲ, ಚಾರ್ಜೂ ಹಿಡಿಯುತ್ತಿಲ್ಲ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆ ಅಂತ ನಾನೂ ನಮ್ಮ ಮನೆಯವರೂ ಜೂನ್‌ನಲ್ಲಿ ಅಮೆರಿಕಕ್ಕೆ ಹೋಗಿದ್ದೆವು. ದಸರಾ ಹೊತ್ತಿಗೆ ವಾಪಸ್ ಬಂದೆವು. ಕಾರು ತೀರ್ಥಹಳ್ಳಿ ಮನೆಯ ಶೆಡ್‌ನಲ್ಲೇ ಇತ್ತು. ಹೊರಡುವಾಗ ಚಾರ್ಜ್ 60% ಇತ್ತು, ಪ್ಲಗ್ ತೆಗೆದಿಟ್ಟಿದ್ದೆವು. ಅಲ್ಲಿಂದಲೇ ದಿನಾ ಆ್ಯಪ್‌ನಲ್ಲಿ ನೋಡುತ್ತಿದ್ದೆವು. ಆಗಸ್ಟ್‌ನಲ್ಲಿ ಸಂಪರ್ಕ ತಪ್ಪಿತು. ನೆಟ್‌ವರ್ಕ್ ಇರಲಿಕ್ಕಿಲ್ಲ ಅಂದುಕೊಂಡೆವು.

ಈಗ ರಿಮೋಟ್ ಒತ್ತಿದರೆ ಸದ್ದೇ ಇಲ್ಲ. ರಿಮೋಟ್ ಒಳಗಿನ ಕೀಲಿಯಿಂದ ಬಾಗಿಲು ತೆಗೆದರೆ ಒಳಗಿನ ದೀಪವೂ ಹತ್ತಲಿಲ್ಲ. ಚಾರ್ಜರ್ ಸಿಕ್ಕಿಸಿದೆ. ಗೋಡೆಯ ಬಾಕ್ಸ್‌ನಲ್ಲಿ ಹಸಿರು ದೀಪ ಇದೆ, ಕಾರಿನ ಕಡೆ ಏನೂ ಇಲ್ಲ. ಸರ್ವಿಸ್‌ನವರು ಫೋನ್‌ನಲ್ಲಿ "ದೊಡ್ಡ ಬ್ಯಾಟರಿ ಹೋಗಿರಬಹುದು, ಶಿವಮೊಗ್ಗಕ್ಕೆ ಎಳೆಸಿಕೊಂಡು ಬನ್ನಿ" ಅಂದರು. ಅಲ್ಲಿಂದ ನಿದ್ದೆ ಇಲ್ಲ. ಏನು ಮಾಡಲಿ?

ವೈರು_ವೋಲ್ಟು:
ಗಾಬರಿ ಬೇಡ ಮೇಡಂ. ಎಳೆಸುವ ಮುಂಚೆ ಬಾನೆಟ್ ತೆಗೆದು ಚಿಕ್ಕ 12 ವೋಲ್ಟ್ ಬ್ಯಾಟರಿ ನೋಡಿ. ನೀವು ಹೇಳಿದ್ದೆಲ್ಲ ಅದು ಇಳಿದಾಗ ಆಗುವಂಥದ್ದೇ.

ಕಾರು ಓಡಿಸುವ ದೊಡ್ಡ ಲಿಥಿಯಂ ಬ್ಯಾಟರಿ ತಾನಾಗಿ ಇಳಿಯುವುದು ತುಂಬ ನಿಧಾನ, ತಿಂಗಳಿಗೆ ಒಂದೆರಡು ಪರ್ಸೆಂಟ್. ನಿಮ್ಮ 60% ಅಷ್ಟು ಬೇಗ ಎಲ್ಲಿಗೂ ಹೋಗುವುದಿಲ್ಲ. ಆದರೆ ಕಾರು ಆಫ್ ಆದಾಗ ದೊಡ್ಡ ಬ್ಯಾಟರಿಗೂ ಕಾರಿಗೂ ನಡುವೆ ಇರುವ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಬಿಟ್ಟುಕೊಳ್ಳುತ್ತದೆ. ಅದನ್ನು ಮತ್ತೆ ಕೂಡಿಸಲು 12 ವೋಲ್ಟ್ ಬೇಕು. ಬಾಗಿಲಿನ ಲಾಕ್, ಡ್ಯಾಶ್‌ಬೋರ್ಡ್, ಚಾರ್ಜರ್ ಜೊತೆ ಮಾತಾಡುವ ಕಂಪ್ಯೂಟರ್ ಎಲ್ಲ ಅದರಿಂದಲೇ ನಡೆಯುವುದು. ಕಣಜದ ತುಂಬ ಭತ್ತ ಇದ್ದು ಬೀಗದ ಕೈ ಕಳೆದ ಹಾಗೆ ಆಗಿದೆ ಅಷ್ಟೇ.

ಆ್ಯಪ್ ವಿಷಯ ಹೇಳಿದ್ದು ಒಳ್ಳೆಯದಾಯಿತು. ಎಷ್ಟೋ ಕಾರುಗಳಲ್ಲಿ ಆ್ಯಪ್ ತೆರೆದಾಗಲೆಲ್ಲ ಕಾರು ಎಚ್ಚರಾಗಿ ಉತ್ತರ ಕೊಡುತ್ತದೆ. ಆ ಕರೆಂಟ್ ಹೋಗುವುದು ಚಿಕ್ಕ ಬ್ಯಾಟರಿಯಿಂದ. ಆಗಸ್ಟ್‌ನಲ್ಲಿ ಸಂಪರ್ಕ ತಪ್ಪಿದ್ದು ಬಹುಶಃ ಅದು ಖಾಲಿಯಾದ ದಿನವೇ.

ಮಲ್ಟಿಮೀಟರ್ ಇದ್ದರೆ ಎರಡು ಟರ್ಮಿನಲ್‌ಗೆ ಇಟ್ಟು ನೋಡಿ. ತುಂಬಿದ್ದರೆ 12.6 ಹತ್ತಿರ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ಮಾತ್ರ ಮುಟ್ಟಬೇಡಿ, ಅವು ದೊಡ್ಡ ಬ್ಯಾಟರಿಯವು.

ತುಂಗಾತೀರ:
ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹುಡುಗ ನೋಡಿದ. 5.8 ತೋರಿಸುತ್ತಿದೆ! ಭಾವನವರ ಲಾರಿ ಇದೆ, ಅದರಿಂದ ವೈರು ಕೊಡಬಹುದಾ?

ಹಳೇ ಡ್ರೈವರ್:
ಲಾರಿ ಬೇಡವೇ ಬೇಡ ಮೇಡಂ! ಲಾರಿಯದು 24 ವೋಲ್ಟ್, ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟೀತು. ಬೇರೆ ಯಾರದ್ದಾದರೂ ಕಾರು ಇದ್ದರೆ ಆಗುತ್ತದೆ. ಎಂಜಿನ್ ತಿರುಗಿಸುವುದು ಇಲ್ಲವಲ್ಲ, ಕಂಪ್ಯೂಟರ್ ಎಚ್ಚರಾಗುವಷ್ಟು ಕರೆಂಟ್ ಸಾಕು. ಮ್ಯಾನ್ಯುಯಲ್‌ನಲ್ಲಿ ಕೇಬಲ್ ಎಲ್ಲಿ ಹಾಕಬೇಕು ಅಂತ ಇರುತ್ತದೆ, ಹಾಗೇ ಮಾಡಿ.

ವೈರು_ವೋಲ್ಟು:
ಇಷ್ಟು ಇಳಿದಿದ್ದರೆ ಬಿಚ್ಚಿ ಬ್ಯಾಟರಿ ಅಂಗಡಿಗೆ ಕೊಡುವುದೇ ಒಳ್ಳೆಯದು. ಇನ್ವರ್ಟರ್ ಬ್ಯಾಟರಿ ಮಾರುವವರು ರಾತ್ರಿಯೆಲ್ಲ ನಿಧಾನ ಚಾರ್ಜಿಗೆ ಇಡುತ್ತಾರೆ. 10ರ ಸ್ಪ್ಯಾನರ್ ಸಾಕು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ತುಂಬಿದ ಮೇಲೆ ಒಂದು ದಿನ ಸುಮ್ನೆ ಇಟ್ಟು ಮತ್ತೆ ಅಳೆಯಿರಿ. ನಿಲ್ಲದಿದ್ದರೆ ಹೊಸದು ಹಾಕಿಸಿ. ಇಂಥ ಸೀಸದ ಬ್ಯಾಟರಿ ಖಾಲಿಯಾಗಿ ವಾರಗಟ್ಟಲೆ ಕೂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಪೂರ್ತಿ ಸುಧಾರಿಸುವುದು ಕಷ್ಟ.

ತುಂಗಾತೀರ:
ಚಾರ್ಜ್ ನಿಲ್ಲಲಿಲ್ಲ, ಹೊಸದೇ ಹಾಕಿಸಿದೆವು. ಕಾರು ಆನ್ ಆಯಿತು! ದೊಡ್ಡ ಬ್ಯಾಟರಿ 57% ತೋರಿಸುತ್ತಿದೆ. ತುಂಬ ಉಪಕಾರವಾಯಿತು. ಆದರೆ ಡ್ರೈವ್‌ಗೆ ಹಾಕಿದರೆ ಹಿಂದಿನ ಚಕ್ರ ಕಚ್ಚಿ ಹಿಡಿದಿತ್ತು. ಸ್ವಲ್ಪ ಹಿಂದೆ ಮುಂದೆ ಮಾಡಿದ ಮೇಲೆ ಟಪ್ ಅಂತ ಬಿಟ್ಟಿತು. ಮಗಳು ಬೇಸಿಗೆಯಲ್ಲಿ ಮತ್ತೆ ಕರೆಯುತ್ತಿದ್ದಾಳೆ. ಆಗ ಹೇಗೆ ನಿಲ್ಲಿಸಲಿ? ಪೂರ್ತಿ ಚಾರ್ಜ್ ಮಾಡಿ ಹೋಗಿ ಅನ್ನುತ್ತಾರೆ ನಮ್ಮ ಮನೆಯವರು.

ಹಳೇ ಡ್ರೈವರ್:
ಚಕ್ರ ಹಿಡಿದದ್ದು ತೇವಕ್ಕೆ ಬ್ರೇಕ್ ತುಕ್ಕು ಹಿಡಿದು ಪ್ಯಾಡ್ ಅಂಟಿದ್ದರಿಂದ. ಬಿಟ್ಟಿತಲ್ಲ, ಒಳ್ಳೆಯದು. ಖಾಲಿ ರಸ್ತೆಯಲ್ಲಿ ನಿಧಾನವಾಗಿ ನಾಲ್ಕೈದು ಸಲ ಬ್ರೇಕ್ ಹಾಕಿ ಉಜ್ಜಿಸಿ. ಮುಂದಿನ ಸಲ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಪಾರ್ಕ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಟೈರ್‌ಗೆ ಗಾಳಿ ಸ್ವಲ್ಪ ಜಾಸ್ತಿ ಹೊಡೆಸಿ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಬೇಡಿ, ತೇವ ಒಳಗೇ ಕೂರುತ್ತದೆ. ಇಲಿ ಕಾಟ ಇದ್ದರೆ ಬಾನೆಟ್ ಒಳಗೆ ಯಾರಾದರೂ ಆಗಾಗ ಇಣುಕಲಿ.

ವೈರು_ವೋಲ್ಟು:
ಪೂರ್ತಿ ಚಾರ್ಜ್ ಬೇಡ. ಆ ಮಾತು ಸೀಸದ ಬ್ಯಾಟರಿ ಕಾಲದ್ದು. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಓಡುತ್ತಿದ್ದದ್ದು ಸೀಸದ ಬ್ಯಾಟರಿಯಲ್ಲೇ, ಅದನ್ನು ತುಂಬಿಸಿಯೇ ಇಡಬೇಕಿತ್ತು. ಲಿಥಿಯಂ ಹಾಗಲ್ಲ. ಜಾಸ್ತಿ ಚಾರ್ಜ್ ಜೊತೆಗೆ ಜಾಸ್ತಿ ಸೆಖೆ ಸೇರಿದರೆ ಸುಮ್ನೆ ನಿಂತಲ್ಲೇ ಬೇಗ ಹಳತಾಗುತ್ತದೆ. 50–60% ಇಟ್ಟು ನೆರಳಲ್ಲಿ ನಿಲ್ಲಿಸಿ. ಪ್ಲಗ್ ತೆಗೆದಿಡಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನಿಮ್ಮ ಕಡೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ನೀವು ನಿಜವಾಗಿ ನೋಡಿಕೊಳ್ಳಬೇಕಾದದ್ದು ಆ ಚಿಕ್ಕದನ್ನು. ಮ್ಯಾನ್ಯುಯಲ್ ಒಪ್ಪಿದರೆ ಮೈನಸ್ ಬಿಚ್ಚಿಟ್ಟು ಹೋಗಿ. ಒಪ್ಪದಿದ್ದರೆ ಎರಡು ವಾರಕ್ಕೊಮ್ಮೆ ಭಾವನವರು ಬಂದು ಒಂದು ಗಂಟೆ ಕಾರು ಆನ್ ಇಡಲಿ. ಬ್ರೇಕ್ ತುಳಿದು ಬಟನ್ ಒತ್ತಿ, ಡ್ಯಾಶ್‌ಬೋರ್ಡ್‌ನಲ್ಲಿ 'ರೆಡಿ' ಬಂದಿದೆಯಾ ನೋಡಲೇಬೇಕು. ಅದು ಬಂದರೆ ಮಾತ್ರ ದೊಡ್ಡದರಿಂದ ಚಿಕ್ಕದಕ್ಕೆ ಚಾರ್ಜ್ ಹೋಗುತ್ತದೆ. ಬರೀ ರೇಡಿಯೊ ಹತ್ತಿದರೆ ಚಿಕ್ಕದು ಇನ್ನಷ್ಟು ಇಳಿಯುತ್ತದೆ. ಅಷ್ಟು ಹೊತ್ತು ಅವರು ಅಲ್ಲೇ ಇರಲಿ.

ಆ್ಯಪ್ ತೆರೆಯಬೇಡಿ. ಚಾರ್ಜ್ ಎಷ್ಟಿದೆ ಅಂತ ಭಾವನವರೇ ಫೋಟೊ ಕಳಿಸಲಿ.

ತುಂಗಾತೀರ:
ನಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಅದನ್ನು ಆಗಾಗ 100% ಮಾಡಬೇಕು ಅಂತ ಹೇಳಿದ್ದರು, ಅದಕ್ಕೂ ಇದಕ್ಕೂ ತಾಳೆ ಆಗುತ್ತಿಲ್ಲ.

ವೈರು_ವೋಲ್ಟು:
ಎರಡೂ ಸರಿಯೇ. ಎಲ್‌ಎಫ್‌ಪಿಯಲ್ಲಿ ಚಾರ್ಜ್ ಇಳಿದರೂ ವೋಲ್ಟೇಜ್ ಬಹಳ ಬದಲಾಗುವುದಿಲ್ಲ, ಹಾಗಾಗಿ ಪರ್ಸೆಂಟ್ ಲೆಕ್ಕ ತಪ್ಪುತ್ತದೆ. 100% ಮುಟ್ಟಿಸಿದರೆ ಲೆಕ್ಕವೂ ಸರಿಹೋಗುತ್ತದೆ, ಸೆಲ್‌ಗಳೂ ಸಮ ಆಗುತ್ತವೆ. ಓಡಿಸುವಾಗ ಅದು ಬೇಕು, ನಿಲ್ಲಿಸುವಾಗ ಬೇಡ. ಊರಿಂದ ಬಂದ ಮೇಲೆ ಮನೆಯ 15 ಆ್ಯಂಪ್ ಪ್ಲಗ್‌ನಲ್ಲಿ ನಿಧಾನವಾಗಿ ಒಮ್ಮೆ ತುಂಬಿಸಿ. ಈಗಲೂ ಅದನ್ನೇ ಮಾಡಿ, ಆ 57% ಎಷ್ಟು ನಿಜ ಅಂತ ತಿಳಿಯುತ್ತದೆ.