ಬೀಗರ ಅಂಗಳದಲ್ಲಿ ಬಿಡಾರ

"ರಿಟೈರ್ ಆದ ಮೇಲೆ ಕಾಶಿಗೆ ಹೋದವರನ್ನು ನೋಡಿದ್ದೇನೆ, ಸೈಟ್ ಕೊಂಡವರನ್ನು ನೋಡಿದ್ದೇನೆ. ಬಸ್ ಕೊಂಡವರ ಸುದ್ದಿ ಇದೇ ಮೊದಲು ಕೇಳುತ್ತಿರುವುದು" ಎಂದರು ಬ್ಯಾಂಕ್ ರಾಯರು.

"ಬಸ್ ಅಲ್ಲ ರಾಯರೇ, ಮೋಟರ್‌ಹೋಮ್. ಒಳಗೆ ಮನೆ ಇರುವ ಗಾಡಿ" ಎಂದು ಮೇಷ್ಟ್ರು ತಿದ್ದಿದರು. ಅವರ ಪಾಠ ನಿಂತು ವರ್ಷಗಳಾದವು, ತಿದ್ದುವುದು ನಿಂತಿಲ್ಲ.

ನಮ್ಮ ಬೈಠಕ್ಕು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ, ರೂಸ್‌ವೆಲ್ಟ್ ಪಾರ್ಕಿನ ಬೆಂಚಿನ ಮೇಲೆ. ಎಲ್ಲರೂ ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದವರೇ. ನವೆಂಬರ್ ಶುರುವಾಗಿದೆ, ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ಆಗಿದೆ. ಸಂಜೆ ಐದಕ್ಕೆಲ್ಲ ಕತ್ತಲು. ಹಾಗಾಗಿ ಮಧ್ಯಾಹ್ನದ ಊಟ ಮುಗಿಸಿ ಮಂಕಿಟೋಪಿ ಹಾಕಿಕೊಂಡು ಬೇಗ ಸೇರುತ್ತೇವೆ. ಮೇಷ್ಟ್ರೂ ಅವರ ಮನೆಯವರೂ ಕೆಲವು ವಾರ ಕಾಣೆಯಾಗಿದ್ದರು. ಮನೆಯವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುವುದು. ಅಕ್ಕನ ತಂಗಿ ಮತ್ತು ಆಕೆಯ ಗಂಡ ಈ ದೇಶಕ್ಕೆ ಬಂದು ನಲವತ್ತು ವರ್ಷದ ಮೇಲಾಯಿತು. ರಿಟೈರ್ ಆದವರೇ ಮೋಟರ್‌ಹೋಮ್ ಕೊಂಡು, ಪ್ರತಿ ಶರತ್ಕಾಲದಲ್ಲೂ ಮರಗಳ ಬಣ್ಣ ಮತ್ತು ಮಕ್ಕಳ ಮುಖ ನೋಡಲು ಹೊರಡುತ್ತಾರೆ. ಈ ಸಲ ಅಕ್ಕ, ಮೇಷ್ಟ್ರೂ ಜೊತೆಗಿದ್ದರು. ತಂಗಿಯ ಗಂಡ ಮೇಷ್ಟ್ರಿಗೆ ಷಡ್ಡಕ. ನಮಗೆ ಯಾರಿಗೂ ಏನೂ ಅಲ್ಲ, ಆದರೂ ಹತ್ತು ನಿಮಿಷದಲ್ಲಿ ಅವರು ಎಲ್ಲರಿಗೂ ಷಡ್ಡಕರಾಗಿಬಿಟ್ಟರು.

"ಎ, ಬಿ, ಸಿ ಅಂತ ಮೂರು ಕ್ಲಾಸ್ ಇವೆ" ಎಂದು ಮೇಷ್ಟ್ರು ಶುರು ಮಾಡಿದರು. "ಎ ಅಂದರೆ ಬಸ್ಸಿನಷ್ಟು ದೊಡ್ಡದು. ಬಿ ಅಂದರೆ ವ್ಯಾನು. ಸಿ ಎರಡರ ಮಧ್ಯದ್ದು. ಡ್ರೈವರ್ ತಲೆ ಮೇಲೆ ಒಂದು ಅಟ್ಟ, ಅದರಲ್ಲಿ ಹಾಸಿಗೆ. ನಮ್ಮ ಷಡ್ಡಕರದ್ದು ಸಿ."

"ಮಧ್ಯದ್ದು ಬಿ ಆಗಬೇಕಿತ್ತಲ್ವಾ?" ಎಂದರು ರಾಯರು.

"ಆಗಬೇಕಿತ್ತು. ಆಗಿಲ್ಲ."

"ನಮ್ಮ ಬ್ಯಾಂಕಿನ ಪ್ರಮೋಷನ್ ಲಿಸ್ಟ್ ಇದ್ದ ಹಾಗಿದೆ" ಎಂದು ರಾಯರು ಹಳೆಯ ಗಾಯ ಮುಟ್ಟಿಕೊಂಡರು. ಆಮೇಲೆ ಅಸಲು ಪ್ರಶ್ನೆಗೆ ಬಂದರು. "ಮೈಲೇಜ್ ಎಷ್ಟು?"

"ಗ್ಯಾಲನ್‌ಗೆ 8ರಿಂದ 10 ಮೈಲಿ."

ರಾಯರ ತುಟಿ ಅಲುಗಾಡಿತು. ಗ್ಯಾಲನ್ ಅಂದರೆ 3.8 ಲೀಟರ್, ಮೈಲಿ ಅಂದರೆ 1.6 ಕಿಲೋಮೀಟರ್. "ಲೀಟರಿಗೆ ನಾಲ್ಕು ಕಿಲೋಮೀಟರ್!" ಎಂದು ಬೆಂಚಿನ ಕೈ ಹಿಡಿದುಕೊಂಡರು. ಗಾಡಿ ಅವರದಲ್ಲ, ಪೆಟ್ರೋಲ್ ಅವರದಲ್ಲ, ನೋವು ಮಾತ್ರ ಅವರದೇ. ಅವರನ್ನು ಸಮಾಧಾನ ಮಾಡಲು ಮೇಷ್ಟ್ರು ಸೀನಿಯರ್ ಪಾಸಿನ ವಿಷಯ ತೆಗೆದರು. 62 ವರ್ಷ ತುಂಬಿದವರು ಒಂದು ಸಲ 80 ಡಾಲರ್ ಕಟ್ಟಿದರೆ ಇರುವ ತನಕ ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ಪ್ರವೇಶ. ಸರ್ಕಾರಿ ಕ್ಯಾಂಪ್ ಜಾಗಗಳಲ್ಲಿ ಎಷ್ಟೋ ಕಡೆ ಬಾಡಿಗೆ ಅರ್ಧ. ನಮ್ಮಂಥ ವಿಸಿಟರ್ ವೀಸಾದವರಿಗೆ ಪಾಸ್ ಕೊಡುವುದಿಲ್ಲ. ಆದರೆ ಪಾಸ್ ಇದ್ದವರ ಗಾಡಿಯಲ್ಲಿ ಕೂತಿದ್ದರೆ ಎಷ್ಟೋ ಕಡೆ ನಮ್ಮನ್ನೂ ಸುಮ್ನೆ ಬಿಡುತ್ತಾರೆ.

"ಷಡ್ಡಕರ ಬೆಲೆ ಈಗ ತಿಳೀತು ನೋಡ್ರಿ" ಎಂದರು ಧಾರವಾಡದ ವಕೀಲರು.

ಷಡ್ಡಕರ ಸವಾರಿ ಸೆಪ್ಟೆಂಬರ್ ಕೊನೆಗೆ ವರ್ಮಾಂಟಿನಲ್ಲಿ ಶುರುವಾಗುತ್ತದೆ. ಬಣ್ಣ ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದ ತುದಿಯಿಂದ ಬುಡಕ್ಕೆ ಇಳಿಯುತ್ತಾ ಬರುತ್ತದೆ. ಇವರೂ ಅದರ ಜೊತೆಯಲ್ಲೇ ಇಳಿಯುತ್ತಾರೆ. ಹಗಲು ಕಮ್ಮಿಯಾದಂತೆ ಎಲೆಯ ಹಸಿರು ಕರಗಿ, ಒಳಗೆ ಮೊದಲಿನಿಂದಲೂ ಅಡಗಿದ್ದ ಹಳದಿ ಹೊರಗೆ ಕಾಣುತ್ತದಂತೆ. ಕೆಂಪು ಮಾತ್ರ ಆ ಕಾಲಕ್ಕೇ ಹೊಸದಾಗಿ ತಯಾರಾಗುವುದು. ಮೇಷ್ಟ್ರು ವಿಜ್ಞಾನದವರು, ಇದನ್ನು ಇನ್ನೂ ಎಳೆಯುತ್ತಿದ್ದರು. ಅಕ್ಕ ತಡೆದರು.

"ಎಲೆ ಇರಲಿ. ಬಾಸ್ಟನ್ ಕಥೆ ಹೇಳಿ."

ಬಾಸ್ಟನ್ನಿನಲ್ಲಿ ತಂಗಿಯ ಮಗಳಿದ್ದಾಳೆ. ಅಕ್ಕ, ಮೇಷ್ಟ್ರು ರೈಲಿನಲ್ಲಿ ಅಲ್ಲಿಗೆ ಹೋಗಿ ಗಾಡಿ ಹತ್ತಿದ್ದು. ಊರು ಬಿಡುವಾಗ ಮೇಷ್ಟ್ರು ಫೋನ್ ನೋಡಿ "ಸ್ಟಾರೋ ಡ್ರೈವ್ ಮೇಲೆ ಹೋದರೆ ಬೇಗ" ಎಂದರಂತೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ "ಬೇಡ!" ಎಂದು ಕಿರುಚಿದರಂತೆ. ಆ ರಸ್ತೆಯ ಮೇಲಿನ ಸೇತುವೆಗಳು ತೀರಾ ತಗ್ಗು. ಹತ್ತು ಅಡಿಗಿಂತ ಎತ್ತರದ ಗಾಡಿ ನುಗ್ಗಿದರೆ ಚಾವಣಿ ಅಲ್ಲೇ ಕಳಚಿಕೊಳ್ಳುತ್ತದೆ. ಸೆಪ್ಟೆಂಬರ್ 1ರ ಹೊತ್ತಿಗೆ ಊರಿನ ಹುಡುಗರೆಲ್ಲ ಬಾಡಿಗೆ ಮನೆ ಬದಲಿಸುತ್ತಾರೆ. ಆಗ ಸಾಮಾನಿನ ಲಾರಿಗಳು ವರ್ಷವರ್ಷವೂ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಷಡ್ಡಕರ ಗಾಡಿ ಹನ್ನೊಂದು ಅಡಿ ದಾಟುತ್ತದೆ. ಸ್ಟಿಯರಿಂಗ್ ಎದುರಿಗೇ ಎತ್ತರ ಬರೆದ ಚೀಟಿ ಅಂಟಿಸಿದ್ದಾರೆ.

"ದೇವರ ಫೋಟೋ ಎಲ್ಲಿದೆ?" ಎಂದು ನಾನು ಕೇಳಿದೆ.

"ಅದರ ಕೆಳಗೆ" ಎಂದರು ಅಕ್ಕ. ಸರಿಯಾದ ಕ್ರಮವೇ ಅನ್ನಿಸಿತು.

ಅಡುಗೆ ವಿಷಯ ಬಂದಾಗ ಅಕ್ಕನ ಮುಖ ಅರಳಿತು. ಒಲೆ ಇದೆ, ಫ್ರಿಜ್ ಇದೆ, ಮೈಕ್ರೋವೇವ್ ಇದೆ. ಒಗ್ಗರಣೆಗೆ ಮಾತ್ರ ಪೂರ್ವಸಿದ್ಧತೆ ಬೇಕು. ಬಾಗಿಲು ತೆಗಿ, ಕಿಟಕಿ ತೆಗಿ, ಚಾವಣಿಯ ಫ್ಯಾನ್ ಹಾಕು, ಆಮೇಲೆ ಮೆಣಸಿನಕಾಯಿ ಹಾಕು. ಇಲ್ಲದಿದ್ದರೆ ಹೊಗೆಯ ಅಲಾರಂ ಇಡೀ ಕ್ಯಾಂಪಿಗೆ ಕೇಳುವ ಹಾಗೆ ಕೂಗುತ್ತದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು ಮಾಡಬಾರದು ಎಂಬ ನಿಯಮ ಬೇರೆ. ಅಕ್ಕ ಐದೂವರೆಗೆ ಎದ್ದು ಕುಕ್ಕರ್ ಇಟ್ಟಿದ್ದರು. ಮೊದಲ ವಿಷಲ್ಲಿಗೆ ಪಕ್ಕದ ಗಾಡಿಯಿಂದ ಟಾರ್ಚ್ ಹಿಡಿದ ಒಬ್ಬ ಮುದುಕ ಗ್ಯಾಸ್ ಸೋರುತ್ತಿದೆಯಾ ಎಂದು ಓಡಿ ಬಂದನಂತೆ. ಎರಡನೆಯ ವಿಷಲ್ಲಿಗೆ ಅವನ ಹೆಂಡತಿ ಬಂದಳು. ಮೂರನೆಯದಕ್ಕೆ ಇಬ್ಬರೂ ಪೊಂಗಲ್ ತಿನ್ನುತ್ತಾ ಕೂತಿದ್ದರು.

"ಮತ್ತ ಆ ಇನ್ನೊಂದು ವಿಷಯ?" ಎಂದರು ವಕೀಲರು. ಎಲ್ಲರ ಮನಸ್ಸಿನಲ್ಲಿದ್ದದ್ದು ಅದೇ. ಕೇಳುವ ಧೈರ್ಯ ವಕೀಲರಿಗೇ ಇದ್ದದ್ದು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಗಾಡಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕು. ಒಂದು ಒಳ್ಳೆಯ ನೀರಿಗೆ. ಬೂದು ಬಣ್ಣದ್ದು ಅಂತ ಹೇಳುವುದು ಸ್ನಾನ, ಪಾತ್ರೆ ತೊಳೆದ ನೀರಿಗೆ. ಕಪ್ಪು ಅನ್ನುವುದು..."

"ಅರ್ಥವಾಯಿತು."

"ಅದು ತುಂಬಿದ ಮೇಲೆ ಡಂಪ್ ಸ್ಟೇಷನ್ನಿಗೆ ಹೋಗಬೇಕು. ನಾವೇ ದಪ್ಪ ಪೈಪು ಜೋಡಿಸಿ ಖಾಲಿ ಮಾಡಬೇಕು. ಮೊದಲು ಕಪ್ಪು, ಆಮೇಲೆ ಬೂದು. ಸೋಪಿನ ನೀರು ಕೊನೆಗೆ ಹೋದರೆ ಪೈಪು ತೊಳೆದ ಹಾಗಾಗುತ್ತದೆ."

"ಕ್ರಮ ತಪ್ಪಿದರೆ?"

"ತಪ್ಪಬಾರದು."

ಮೂವತ್ತೈದು ವರ್ಷ ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದ ಷಡ್ಡಕರು ಕೈಗೆ ಗ್ಲೌಸ್ ಹಾಕಿಕೊಂಡು ಬಗ್ಗಿ ನಿಂತಿದ್ದರು. ಮೇಷ್ಟ್ರು ಮೇಲ್ವಿಚಾರಣೆಗೆಂದು ಸ್ವಲ್ಪ ದೂರದಲ್ಲಿ, ಗಾಳಿ ಬೀಸುವ ದಿಕ್ಕು ನೋಡಿಕೊಂಡು ನಿಂತಿದ್ದರು. ಮುಗಿದ ಕೂಡಲೇ ಅವರೇ ಮೊದಲು ಸ್ನಾನಕ್ಕೆ ಹೋದರಂತೆ. ಮುಟ್ಟಿದವರು ಕಾಯುತ್ತಿದ್ದರು, ನೋಡಿದವರಿಗೆ ಮಡಿ. ಗಾಡಿಯ ಗೀಸರಿನಲ್ಲಿ ಹಿಡಿಯುವುದೇ ಆರು ಗ್ಯಾಲನ್, ಅಂದರೆ ಇಪ್ಪತ್ತಮೂರು ಲೀಟರಿನ ಆಸುಪಾಸು. ಮೈ ನೆನೆಸಿ ನಲ್ಲಿ ನಿಲ್ಲಿಸಬೇಕು, ಸೋಪು ಹಚ್ಚಿ ಮತ್ತೆ ತಿರುಗಿಸಬೇಕು. ಮೇಷ್ಟ್ರಿಗೆ ದೀಪಾವಳಿಯ ಎಣ್ಣೆಸ್ನಾನದ ಅಭ್ಯಾಸ. ಸೋಪಿನ ಹಂತದಲ್ಲಿ ಬಿಸಿನೀರು ಮುಗಿಯಿತು. ಮುಂದಿನದನ್ನು ಅಕ್ಕ ನಟಿಸಿ ತೋರಿಸಿದರು. ಮೇಷ್ಟ್ರು ಪಾರ್ಕಿನ ಬಾತುಕೋಳಿ ನೋಡುತ್ತಿದ್ದರು.

ಬಾಸ್ಟನ್ ಬಿಟ್ಟ ಮೇಲೆ ಮುಂದಿನ ಬಿಡಾರ ಪಿಟ್ಸ್‌ಬರ್ಗಿನ ಬೀಗರ ಮನೆ. ಷಡ್ಡಕರ ಸೊಸೆಯ ಅಪ್ಪ ಅಮ್ಮ, ಮೂಲ ಮೈಸೂರು ಕಡೆಯವರು. ಗಾಡಿ ಅವರ ಮನೆ ಮುಂದೆ ನಿಂತ ಕ್ಷಣದಿಂದ ಉಪಚಾರ ಶುರು. ಉಪಚಾರ ಅಂದರೆ ಜಗಳವೇ.

"ನಾಲ್ಕು ಬೆಡ್‌ರೂಮ್ ಇಟ್ಟುಕೊಂಡು ಬೀಗರನ್ನು ಗಾಡಿಯಲ್ಲಿ ಮಲಗಿಸಿದೆವು ಅಂದರೆ ಜನ ಏನಂದಾರು?" ಎಂದು ಬೀಗಿತ್ತಿ ಕಣ್ಣಲ್ಲಿ ನೀರು ತಂದುಕೊಂಡರು.

"ಹಾಸಿಗೆ ಬದಲಾದರೆ ಇವರಿಗೆ ನಿದ್ದೆ ಬರುವುದಿಲ್ಲ" ಎಂದು ಅಕ್ಕನ ತಂಗಿ ತಪ್ಪಿಸಿಕೊಂಡರು. ಅಸಲಿ ಕಾರಣ ಬೇರೆ. ಬೀಗರ ಮನೆಯಲ್ಲಿ ಬನಿಯನ್ನಿನಲ್ಲಿ ಓಡಾಡುವ ಹಾಗಿಲ್ಲ, ಗೊರಕೆ ಹೊಡೆಯುವ ಹಾಗಿಲ್ಲ, ಎರಡನೇ ಸಲ ಬಡಿಸುವಾಗ ಸಾಕು ಅನ್ನುವ ಹಾಗಿಲ್ಲ. ಗಾಡಿಯಲ್ಲಿ ಮೂರಕ್ಕೂ ಅನುಮತಿ ಇದೆ.

ರಾತ್ರಿ ಬೀಗರ ಗ್ಯಾರೇಜಿನ ಪ್ಲಗ್ಗಿನಿಂದಲೇ ಕರೆಂಟ್. ಗಾಡಿ ಕೇಳುವುದು 30 ಆಂಪಿಯರ್, ಗ್ಯಾರೇಜಿನ ಪ್ಲಗ್ ಕೊಡುವುದು 15. ಚಳಿ ಎಂದು ಮೇಷ್ಟ್ರು ಹೀಟರ್ ಹಾಕಿದರು, ಹಾಲು ಬಿಸಿ ಮಾಡಲು ಅಕ್ಕ ಮೈಕ್ರೋವೇವ್ ಒತ್ತಿದರು. ಟಪ್ ಎಂದು ಗ್ಯಾರೇಜಿನ ಕರೆಂಟ್ ಹೋಯಿತು. ಅಲ್ಲಿನ ಫ್ರಿಜ್‌ನಲ್ಲಿ ಬೆಳಗಿನ ದೋಸೆ ಹಿಟ್ಟು ಇತ್ತು. ಬೀಗರು ಟಾರ್ಚ್ ಹಿಡಿದು ಬಂದು ಬ್ರೇಕರ್ ಎತ್ತಿದರು, ಗಾಡಿಯೊಳಗೆ ಇಣುಕಿದರು, ಒಂದು ಲೋಟ ಹಾಲು ಕುಡಿದರು, ಕೂತರು. ಕೂತವರು ಏಳಲಿಲ್ಲ. ಮನೆಯೊಳಗೆ ಟಿವಿ ರಿಮೋಟ್ ಹೆಂಡತಿಯದಂತೆ, ಸಕ್ಕರೆ ಡಬ್ಬಿಯ ಕಾವಲೂ ಅವರದೇ ಅಂತೆ. ಇಲ್ಲಿ ಎರಡೂ ಇಲ್ಲ. ಹನ್ನೆರಡು ಗಂಟೆಗೆ ಬೀಗಿತ್ತಿಯೂ ಶಾಲು ಹೊದ್ದು ಬಂದರು, ಗಂಡನನ್ನು ಹುಡುಕಿಕೊಂಡು. ಅವರೂ ಕೂತರು. ನಾಲ್ಕು ಬೆಡ್‌ರೂಮಿನ ಮನೆ ಖಾಲಿ ಬಿದ್ದಿತ್ತು, ಗಾಡಿಯಲ್ಲಿ ಆರು ಜನ ಮೊಣಕಾಲು ತಾಗಿಸಿಕೊಂಡು ಹರಟುತ್ತಿದ್ದರು.

"ಒಳಗೇ ಉಳಿದುಕೊಂಡಿದ್ದರೆ ಬೀಗರು ಇಷ್ಟು ಬಾಯಿ ಬಿಡುತ್ತಿದ್ದರಾ?" ಎಂದರು ಅಕ್ಕ. ನಾವು ಯಾರೂ ಹೂಂ ಅನ್ನಲಿಲ್ಲ. ನಮ್ಮ ನಮ್ಮ ಬೀಗರು ನೆನಪಾಗಿದ್ದರು.

ಮಾರನೆಯ ದಿನ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. 1970ರ ದಶಕದಲ್ಲಿ ಕಟ್ಟಿದ್ದು, ಈ ದೇಶದ ಹಳೆಯ ದೇವಸ್ಥಾನಗಳಲ್ಲಿ ಒಂದು. ದರ್ಶನದ ಬಗ್ಗೆ ಮೇಷ್ಟ್ರು ಒಂದು ವಾಕ್ಯ ಹೇಳಿದರು, ಅಲ್ಲಿನ ಪುಳಿಯೋಗರೆ ಬಗ್ಗೆ ಹತ್ತು.

ಅಲ್ಲಿಂದ ವರ್ಜೀನಿಯಾ, ಆಮೇಲೆ ಬ್ಲೂ ರಿಡ್ಜ್ ಪಾರ್ಕ್‌ವೇ. ಬೆಟ್ಟದ ಬೆನ್ನಿನ ಮೇಲೆ 469 ಮೈಲಿ, 26 ಸುರಂಗ. ಗಂಟೆಗೆ 45 ಮೈಲಿಗಿಂತ ಜೋರಾಗಿ ಹೋಗುವಂತಿಲ್ಲ, ಸರಕಿನ ಲಾರಿ ಬರುವಂತಿಲ್ಲ. ವಯಸ್ಸಾದವರಿಗೆ ಹೇಳಿ ಮಾಡಿಸಿದ ರಸ್ತೆ. 2024ರ ಹೆಲೀನ್ ಚಂಡಮಾರುತ ನಾರ್ತ್ ಕೆರೊಲೈನಾ ಭಾಗವನ್ನು ಅಲ್ಲಲ್ಲಿ ಕೊಚ್ಚಿಹಾಕಿತ್ತು. ಹಾಗಾಗಿ ಯಾವ ತುಂಡು ತೆರೆದಿದೆ ಎಂದು ನೋಡಿಕೊಂಡೇ ಹತ್ತಬೇಕು.

"1935ರಲ್ಲಿ ಕೆಲಸ ಶುರು, ಕೊನೆಯ ತುಂಡು ಮುಗಿದದ್ದು 1987ರಲ್ಲಿ" ಎಂದರು ಮೇಷ್ಟ್ರು.

"52 ವರ್ಷ!" ರಾಯರಿಗೆ ಯಾಕೋ ಖುಷಿಯಾಯಿತು. "ಹಾಗಾದರೆ ನಮ್ಮ ಬೆಂಗಳೂರಿನ ಫ್ಲೈಓವರುಗಳು ಇನ್ನೂ ಕೈಕೂಸು. ಸುಮ್ನೆ ಬೈಯುತ್ತೇವೆ."

ಕೊನೆಗೆ ಷಾರ್ಲಟ್, ಮಗನ ಮನೆ. ಐದು ಬೆಡ್‌ರೂಮ್, ಎರಡು ಕಾರಿನ ಗ್ಯಾರೇಜು, ಉದ್ದನೆಯ ಡ್ರೈವ್‌ವೇ. ಗಾಡಿ ನಿಲ್ಲಿಸಿ ಒಂದು ರಾತ್ರಿ ಕಳೆದಿತ್ತು ಅಷ್ಟೇ, ಬಡಾವಣೆಯ ಸಂಘದಿಂದ ಮಗನಿಗೆ ಇಮೇಲ್ ಬಂತು. ಮೋಟರ್‌ಹೋಮ್ ಮನೆ ಮುಂದೆ ನಿಲ್ಲಿಸುವಂತಿಲ್ಲ, ಬಡಾವಣೆಯ ಅಂದ ಕೆಡುತ್ತದೆ.

"ಹೆತ್ತವರು ನಿಂತರೆ ಅಂದ ಕೆಡ್ತದಂತ?" ವಕೀಲರ ಕೋಟಿನ ಕೈ ತಾನಾಗಿ ಮೇಲೆ ಹೋಯಿತು. "ಕೇಸ್ ಹಾಕಬೇಕಿತ್ರಿ!"

"ಮನೆ ಕೊಳ್ಳುವಾಗ ಅವನೇ ಸಹಿ ಹಾಕಿದ ನಿಯಮ" ಎಂದರು ಮೇಷ್ಟ್ರು. ವಕೀಲರ ಕೈ ಕೆಳಗಿಳಿಯಿತು.

"ಅಪ್ಪ, ಗಾಡಿ ಎಲ್ಲಾದರೂ ನಿಲ್ಲಿಸಿ ಒಳಗೆ ಬಂದು ಮಲಗಿ" ಎಂದ ಮಗ. ಅಪ್ಪ ಒಪ್ಪಲಿಲ್ಲ. ವಾಲ್‌ಮಾರ್ಟ್‌ಗಳಲ್ಲಿ ಎಷ್ಟೋ ಕಡೆ ಮ್ಯಾನೇಜರನ್ನು ಕೇಳಿಕೊಂಡರೆ ರಾತ್ರಿ ಗಾಡಿ ನಿಲ್ಲಿಸಲು ಬಿಡುತ್ತಾರೆ. ಷಡ್ಡಕರು ಹೋಗಿ ಕೇಳಿದರು, ಅಲ್ಲೇ ಬಿಡಾರ ಹೂಡಿದರು. ಮೊಮ್ಮಕ್ಕಳು ನಾವೂ ಅಲ್ಲೇ ಮಲಗುತ್ತೇವೆ ಎಂದು ಹಟ ಹಿಡಿದರು. ಡ್ರೈವರ್ ತಲೆ ಮೇಲಿನ ಅಟ್ಟ ಅವರ ಪಾಲಾಯಿತು. ಅಕ್ಕ, ಮೇಷ್ಟ್ರಿಗೆ ಮಗನ ಮನೆಯ ದೊಡ್ಡ ಬೆಡ್‌ರೂಮ್ ಸಿಕ್ಕಿತು. ಒಂಬತ್ತು ಗಂಟೆಗೆ ಸೊಸೆ ಅನ್ನ, ತೊವ್ವೆ ಕಟ್ಟಿಕೊಂಡು ಪಾರ್ಕಿಂಗ್ ಲಾಟಿಗೆ ಹೋದಳು. ಹಿಂದೆಯೇ ಮಗ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದ. ಮನೆಯಲ್ಲಿ ಉಳಿದದ್ದು ನೆಂಟರು ಮಾತ್ರ.

"ನಾವಿಬ್ಬರೇ ಅಷ್ಟು ದೊಡ್ಡ ಮನೆಯಲ್ಲಿ ಹನ್ನೊಂದರವರೆಗೂ ಇವರ ದಾರಿ ಕಾದೆವು" ಎಂದರು ಅಕ್ಕ. "ಆಮೇಲೆ ಊಬರ್ ಮಾಡಿ ನಾವೂ ವಾಲ್‌ಮಾರ್ಟಿಗೆ ಹೋದೆವು."

ಮೇಷ್ಟ್ರು, ಅಕ್ಕ ಷಾರ್ಲಟ್‌ನಿಂದ ವಿಮಾನದಲ್ಲಿ ವಾಪಸ್ಸಾದರು. ಷಡ್ಡಕರು ಈಗ ಫ್ಲಾರಿಡಾ ಕಡೆ ಹೊರಟಿದ್ದಾರೆ. ಚಳಿಗಾಲದಲ್ಲಿ ಈ ಕಡೆ ಉಳಿದರೆ ಗಾಡಿಯ ಪೈಪಿನಲ್ಲಿ ನೀರು ಗಡ್ಡೆಕಟ್ಟಿ ಒಡೆದುಹೋಗುತ್ತದೆ. ಮುಂದಿನ ವಸಂತದಲ್ಲಿ ಉತ್ತರಕ್ಕೆ ಬರುತ್ತಾ ಎಡಿಸನ್ನಿಗೂ ಬರುತ್ತಾರಂತೆ.

"ನಿಮ್ಮ ಮಗನ ಮನೆ ಮುಂದೆ ಜಾಗ ಇದೆಯಾ?" ಎಂದು ನಾನು ಮೇಷ್ಟ್ರನ್ನು ಕೇಳಿದೆ.

"ಅವನದು ಟೌನ್‌ಹೌಸ್. ಕಾರಿಗೇ ಕಷ್ಟ. ವಕೀಲರ ಮಗಳ ಮನೆ..."

"ಅಪಾರ್ಟ್‌ಮೆಂಟ್ ರೀ, ಮೂರನೇ ಮಹಡಿ."

ಎಲ್ಲರೂ ರಾಯರ ಕಡೆ ತಿರುಗಿದೆವು. ಅವರ ಮಗನದು ದೊಡ್ಡ ಮನೆ, ಉದ್ದನೆಯ ಡ್ರೈವ್‌ವೇ, ಸಂಘ ಗಿಂಘ ಇಲ್ಲ. ರಾಯರು ಸ್ವಲ್ಪ ಹೊತ್ತು ಯೋಚಿಸಿದರು.

"ಧಾರಾಳವಾಗಿ ಬರಲಿ. ಆದರೆ ಹದಿನೈದು ಆಂಪಿಯರ್ ಲೆಕ್ಕದಲ್ಲಿ ರಾತ್ರಿಗೆ ಎಷ್ಟು ಯೂನಿಟ್ ಆಗುತ್ತದೆ ಅನ್ನುವುದನ್ನು ಮೇಷ್ಟ್ರು ನನಗೆ ಈಗಲೇ ಬರೆದುಕೊಡಲಿ."